ಬೆರಳಿದ್ದ ಕುದುರೆಗೆ ಒಂದು ಎಲೆ

ಕುದುರೆಯ ವಂಶಾವಳಿಯನ್ನು ನನ್ನ ತಲೆಗೆ ಕಟ್ಟಿದವರು ನಮ್ಮ ಶಾಲೆಯ ಹೆಡ್‌ಮಾಸ್ಟರು. ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಲ್ಲಿನ ಒಂದು ಮಿಡಲ್ ಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ವಿಜ್ಞಾನ ಅಂದರೆ ಅದರ ಜೊತೆಗೆ ಹೊಲಿಗೆ, ಡ್ರಾಯಿಂಗು, ಮಳೆ ಬಂದಾಗ ಸೋರುವ ಕಡೆ ಬಕೆಟ್ ಇಡುವುದು, ಎಲ್ಲವೂ ಸೇರಿತ್ತು. ಇನ್‌ಸ್ಪೆಕ್ಟರು ಬರುತ್ತಾರೆ, ಶಾಲೆಯ ಗೋಡೆಗಳು ಬೋಳಾಗಿವೆ ಎಂದು ಹೆಡ್‌ಮಾಸ್ಟರಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಎಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಕ ತಂದು, ಒಂದು ಪುಟ ತೆರೆದು ನನ್ನ ಮುಂದಿಟ್ಟರು.

"ನೋಡೀಮ್ಮ, ಇದು ದೊಡ್ಡದಾಗಿ ಬೇಕು. ಬಣ್ಣದಲ್ಲಿ. ಮುಂದಿನ ವಾರದೊಳಗೆ ಆಗ್ಬಿಡ್ಲಿ."

ಪುಟದಲ್ಲಿ ಪ್ರಾಣಿಗಳು ಸಾಲಾಗಿ ನಿಂತಿದ್ದವು. ಬಲತುದಿಯಲ್ಲಿ ಈಗಿನ ಕುದುರೆ. ಎಡಕ್ಕೆ ಹೋಗುತ್ತಾ ಹೋಗುತ್ತಾ ಅದು ಚಿಕ್ಕದಾಗುತ್ತಿತ್ತು. ಎಡತುದಿಯಲ್ಲಿದ್ದದ್ದು ನರಿಯಷ್ಟೇ ಗಾತ್ರದ, ಬೆನ್ನು ಬಾಗಿದ ಒಂದು ಬಡಪಾಯಿ. ಗೊರಸು ಅನ್ನುವುದೇ ಸರಿಯಾಗಿ ಇಲ್ಲ. ಮುಂಗಾಲುಗಳಿಗೆ ನಾಲ್ಕು ನಾಲ್ಕು ಬೆರಳು, ಹಿಂಗಾಲುಗಳಿಗೆ ಮೂರು ಮೂರು. ಐದು ಕೋಟಿ ವರ್ಷಗಳ ಹಿಂದೆ ಕಾಡಿನೊಳಗೆ ಎಳೆ ಸೊಪ್ಪು ತಿಂದುಕೊಂಡು ಓಡಾಡಿಕೊಂಡಿತ್ತಂತೆ. ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ, ಮೂಳೆಗಳಷ್ಟೇ ಸಿಕ್ಕಿವೆ.

"ಆಗಲಿ ಸಾರ್" ಅಂದೆ. ಆಗುವುದಿಲ್ಲ ಅನ್ನುವುದಕ್ಕೂ ತ್ರಾಣ ಬೇಕು. ಆ ವರ್ಷ ನನ್ನಲ್ಲಿ ಅದು ಇರಲಿಲ್ಲ.

ಹಿಂದಿನ ವರ್ಷದ ಶ್ರಾವಣದಲ್ಲಿ ನನ್ನ ಮಗಳು ದಡಾರ ಬಂದು ಹೋಗಿಬಿಟ್ಟಿದ್ದಳು. ಆಗತಾನೇ ವರ್ಷ ತುಂಬಿತ್ತು. ಮೇಲೆ ಎರಡು, ಕೆಳಗೆ ಎರಡು ಹಲ್ಲು ಬಂದಿದ್ದವು. ಗೋಡೆ ಹಿಡಿದುಕೊಂಡು ನಡುಮನೆಯಿಂದ ಅಡುಗೆಮನೆಯ ಹೊಸಿಲಿನವರೆಗೆ ಬರುತ್ತಿದ್ದಳು, ಅಲ್ಲಿ ಕುಕ್ಕರಿಸಿ ಕೂತು ಅಜ್ಜಿಯನ್ನು ಕೂಗುತ್ತಿದ್ದಳು. ಮೊದಲ ಕೆಲವು ತಿಂಗಳು ಅತ್ತು ಅತ್ತು ಸುಸ್ತಾಗುತ್ತಿತ್ತು. ಆಮೇಲೆ ಬಂದ ಸುಸ್ತೇ ಬೇರೆ. ಬೀದಿ ನಲ್ಲಿಯಿಂದ ತಂದ ಕೊಡವನ್ನು ಸೊಂಟದಿಂದ ಇಳಿಸುವುದು ಮರೆತು ನಿಂತೇ ಇರುತ್ತಿದ್ದೆ. ತರಗತಿಯಲ್ಲಿ ಎಲೆಯ ಚಿತ್ರ ಅರ್ಧ ಬರೆದು, ಉಳಿದರ್ಧ ಯಾಕೆ ಬರೆಯಬೇಕು ಅನ್ನಿಸಿ ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಯಾರಾದರೂ ಬಂದು ಸಮಾಧಾನ ಹೇಳಿದರೆ ಸಿಟ್ಟು ಬರುತ್ತಿತ್ತು. ಹೇಳದೆ ಹೋದರೆ ಇನ್ನೂ ಸಿಟ್ಟು.

ಮನೆಯಲ್ಲಿ ಮೂವರೇ ಇದ್ದೆವು: ನಾನು, ನನ್ನ ಗಂಡ, ಅತ್ತೆ. ಗಂಡ ಬಟ್ಟೆ ಗಿರಣಿಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಮಗುವಿನ ಮಾತು ಬಂದರೆ ಎದ್ದು ಸೈಕಲ್ಲು ಒರೆಸಲು ಹೋಗುತ್ತಿದ್ದರು. ಆ ವರ್ಷ ನಮ್ಮ ಬೀದಿಯಲ್ಲಿ ಅಷ್ಟು ಫಳಫಳ ಹೊಳೆಯುವ ಸೈಕಲ್ಲು ಇನ್ನೊಂದಿರಲಿಲ್ಲ. ಅತ್ತೆ ನಾಯಂಡಹಳ್ಳಿಯವರು. ಮಾವ ಕೆಂಗೇರಿಯಿಂದ ಪೇಟೆಗೆ ಜಟಕಾ ಹೊಡೆಯುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರೂ ಇರಲಿಲ್ಲ, ಅವರ ಕುದುರೆಯೂ ಇರಲಿಲ್ಲ. ಆ ಕುದುರೆಗೆ ಹುರುಳಿ ಬೇಯಿಸಿದವರು, ಮೈ ಉಜ್ಜಿದವರು, ಸುಳಿ ಚೆನ್ನಾಗಿದೆ ಎಂದು ಆರಿಸಿ ತಂದವರು ಎಲ್ಲಾ ಅತ್ತೆಯೇ. ಮಾವ ಹೋದ ಮೇಲೆ ಕುದುರೆ ಒಂದು ಮಳೆಗಾಲವನ್ನೂ ಕಳೆಯಲಿಲ್ಲ ಎಂದು ಹೇಳುತ್ತಿದ್ದರು. ಹೇಳುವಾಗ ಹೆಚ್ಚು ದುಃಖ ಯಾರಿಗಾಗಿ ಅನ್ನುವುದು ನನಗೆ ಒಮ್ಮೆಯೂ ಸ್ಪಷ್ಟವಾಗಲಿಲ್ಲ.

ಗೌರಿ ಗಣೇಶ ಮುಗಿದು ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಎಡೆ ಇಡುತ್ತಿದ್ದೆವು. ತೀರಿಕೊಂಡ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಳೆಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಹೆಸರು ಹಿಡಿದು ಕರೆಯುವುದು. ಆಮೇಲೆ ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಬಂದು ಕೂರುವುದು, ಅವರು ಯಾರ ಮುಲಾಜೂ ಇಲ್ಲದೆ ಉಣ್ಣಲಿ ಅಂತ. ಮಾವನ ಎಲೆಗೆ ಮಾಂಸದ ಸಾರು, ವಡೆ, ಒಂದು ಕಟ್ಟು ಬೀಡಿ. ಅದರ ಪಕ್ಕದಲ್ಲಿ ಇನ್ನೊಂದು ಎಲೆ, ಅದರಲ್ಲಿ ಬೇಯಿಸಿದ ಹುರುಳಿ ಮತ್ತು ಬೂಸಾ. ಅದು ಕುದುರೆಗೆ. ಬೇರೆ ಯಾರ ಮನೆಯಲ್ಲೂ ನಾನು ಇದನ್ನು ನೋಡಿರಲಿಲ್ಲ. ಅವರು ಬಂದರೆ ಕುದುರೆ ಬಿಟ್ಟು ಬರುತ್ತಾರಾ ಅನ್ನುವುದು ಅತ್ತೆಯ ವಾದ.

ಹಿಂದಿನ ಸಲ ಮಗು ಹೋಗಿ ವರ್ಷ ತುಂಬಿರಲಿಲ್ಲ, ಹಾಗಾಗಿ ನಾನು ಸುಮ್ಮನಿದ್ದೆ. ಈ ಸಲ ಕೇಳಿದೆ.

"ಅತ್ತೆ, ಅವಳಿಗೂ ಒಂದು ಎಲೆ ಹಾಕೋಣ."

ಅತ್ತೆ ಅವರೆಕಾಳು ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಹಾಲುಹಲ್ಲಿನ ಮಕ್ಕಳಿಗೆ ಎಡೆ ಇಡಂಗಿಲ್ಲ ಕಣಮ್ಮ."

"ಒಂದು ಎಲೆ ಅತ್ತೆ. ಚಿಕ್ಕದು."

"ಹೆಸರು ಹಿಡ್ದು ಎಲೆ ಹಾಕಿದ್ರೆ ಅವಳು ಹೋಗಿ ಹಿರೀಕರ ಪಂಕ್ತೀಲಿ ಕೂತ್ಬಿಡ್ತಾಳೆ. ಅಲ್ಲಿ ಕೂತವ್ರು ಏಳಾಕಿಲ್ಲ. ಆಮೇಲೆ ನಿನ್ನ ಮಡ್ಲಿಗೆ ತಿರ್ಗಾ ಬರೋದು ಹೆಂಗೆ? ದಾರಿ ಮುಚ್ಚಬ್ಯಾಡ."

ನಾನು ವಿಜ್ಞಾನದ ಮೇಡಂ. ಸತ್ತವರು ಬಂದು ಉಣ್ಣುತ್ತಾರೆ ಅನ್ನುವುದನ್ನೂ ನಂಬುತ್ತಿರಲಿಲ್ಲ, ಮತ್ತೆ ಅದೇ ಮಡಿಲಿಗೆ ಬರುತ್ತಾರೆ ಅನ್ನುವುದನ್ನೂ ನಂಬುತ್ತಿರಲಿಲ್ಲ. ಆದರೂ ಆ ಎಲೆ ನನಗೆ ಬೇಕಾಗಿತ್ತು. ಕಾರಣ ಕೇಳಿದರೆ ನನ್ನ ಹತ್ತಿರ ಇರಲಿಲ್ಲ. ನಾನು ನೋಡಿಯೇ ಇರದ ಮಾವನಿಗೆ ಎಲೆ ಇದೆ, ಅವರ ಅಮ್ಮನಿಗೆ ಇದೆ, ಅಪ್ಪನಿಗೆ ಇದೆ, ಕುದುರೆಗೆ ಇದೆ. ಆ ಮನೆಯ ತುಂಬಾ ಗೋಡೆ ಹಿಡಿದು ನಡೆದವಳಿಗೆ ಮಾತ್ರ ಇಲ್ಲ. ಹೊಟ್ಟೆ ಉರಿಯಿತು. ಗಂಡನಿಗೆ ಹೇಳಿದೆ. "ಅಮ್ಮ ಹೇಳಿದ್ಮೇಲೆ ಮುಗೀತು, ಬಿಡು" ಎಂದು ಸೈಕಲ್ಲಿನ ಕಡೆ ಹೋದರು. ನಾನೂ ಬಿಟ್ಟೆ. ಜಗಳಕ್ಕೆ ನಿಲ್ಲಲು ಕಾಲಲ್ಲಿ ಬಲ ಬೇಕಲ್ಲ.

ಆ ದಿನಗಳಲ್ಲೇ ಕುದುರೆಯ ಚಾರ್ಟು ಶುರುವಾದದ್ದು. ಶಾಲೆಯಲ್ಲಿ ಜಾಗವೂ ಇಲ್ಲ, ಬಿಡುವೂ ಇಲ್ಲ. ಸಂಜೆ ಮನೆಗೆ ಬಂದು ನಡುಮನೆಯಲ್ಲಿ ದೊಡ್ಡ ಕಾಗದ ಹಾಸಿ, ನಾಲ್ಕು ಮೂಲೆಗೂ ಸೇರು, ಪಾವು, ಒರಳಿನ ಗುಂಡು, ಇಸ್ತ್ರಿಪೆಟ್ಟಿಗೆ ಹೇರಿ ಕೂರುತ್ತಿದ್ದೆ. ಎಡತುದಿಯಿಂದ ಆರಂಭಿಸಿದೆ. ಚಿಕ್ಕದು ಬೇಗ ಮುಗಿಯುತ್ತದೆ ಅನ್ನುವ ಲೆಕ್ಕ. ಅತ್ತೆ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದು ನನ್ನ ತಲೆಯ ಮೇಲಿಂದ ಬಗ್ಗಿ ನೋಡಿದರು.

"ಇದೇನೇ ಇದು? ನಾಯಿನಾ, ನರೀನಾ?"

"ಕುದುರೆ ಅತ್ತೆ. ಎಲ್ಲಾ ಕುದುರೆಗಳ ಮುತ್ತಾತ."

ಅತ್ತೆ ನಕ್ಕುಬಿಟ್ಟರು. ಮಗು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. "ನಿಮ್ಮಾವ ಇದ್ದಿದ್ರೆ, ಎಲ್ಲಿ, ಜಟಕಾಗೆ ಕಟ್ಟಿ ತೋರ್ಸು ಅನ್ನೋರು" ಅಂದರು. ಮೊರ ಬದಿಗಿಟ್ಟು ಕೂತರು. ಬೆರಳುಗಳನ್ನು ತೋರಿಸಿ ಇದೇನು ಎಂದು ಕೇಳಿದರು. ಕಾಲಕಾಲಕ್ಕೆ ಪಕ್ಕದ ಬೆರಳುಗಳೆಲ್ಲ ಸವೆದು, ನಡುವಿನದೊಂದೇ ಉಳಿದು, ಅದರ ಉಗುರೇ ದಪ್ಪವಾಗಿ ಗೊರಸಾಯಿತು ಎಂದು ಹೇಳಿದೆ.

"ಅಂದ್ರೆ ನಮ್ ಕುದುರೆ ಕೆಂಗೇರಿಯಿಂದ ಪ್ಯಾಟೆಗಂಟ ಒಂದೊಂದು ಕಾಲಲ್ಲಿ ಒಂದೊಂದೇ ಬೆರಳ ಮೇಲೆ ಓಡ್ತಿತ್ತಾ?"

"ಹೂಂ. ಉಗುರಿನ ಮೇಲೆ."

ಅತ್ತೆ ತಮ್ಮ ಕಾಲಿನ ಉಗುರನ್ನು ನೋಡಿಕೊಂಡರು. "ಅದಕ್ಕೇ ಪಾಪ, ಮನೆಗೆ ಬಂದ್ರೆ ಅಷ್ಟು ಸುಸ್ತಾಗಿರೋದು" ಅಂದರು.

ಬಣ್ಣ ಹಾಕುವ ಹೊತ್ತಿಗೆ ನನಗೇ ಸಮಸ್ಯೆ ಬಂತು. ಪುಸ್ತಕದ ಚಿತ್ರ ಕಪ್ಪು ಬಿಳುಪು. ಕೆಳಗೆ ಬರೆದಿದ್ದರು, ಈ ಪ್ರಾಣಿಯ ಮೈಬಣ್ಣ ಯಾರಿಗೂ ತಿಳಿಯದು, ಮೂಳೆಯಿಂದ ಬಣ್ಣ ಗೊತ್ತಾಗುವುದಿಲ್ಲ ಅಂತ. ಬ್ರಷ್ ಹಿಡಿದು ಸುಮ್ಮನೆ ಕೂತೆ. ನಮ್ಮ ಮಗುವಿನ ಫೋಟೋ ಒಂದೂ ಇರಲಿಲ್ಲ. ಹುಟ್ಟುಹಬ್ಬಕ್ಕೆ ತೆಗೆಸೋಣ ಅಂದುಕೊಂಡಿದ್ದೆವು, ಅವತ್ತು ಮಳೆ ಹಿಡಿದುಕೊಂಡಿತು, ಮುಂದಿನ ವಾರ ಅಂದುಕೊಂಡೆವು. ನಾವು ಮೂವರು ಹೋದರೆ ಅವಳ ಬಣ್ಣವೂ ಯಾರಿಗೂ ತಿಳಿಯದು. ಕೊನೆಗೆ ಕಂದು ಕಲಸಿದೆ. ಅತ್ತೆ ಪಕ್ಕದಿಂದ, "ಅಷ್ಟು ಕಪ್ಪು ಮಾಡ್ಬ್ಯಾಡ, ಇನ್ನೊಂಚೂರು ತಿಳಿ ಮಾಡು" ಅಂದರು. ಮಾಡಿದೆ. ಯಾರಿಗೂ ಗೊತ್ತಿಲ್ಲದ್ದನ್ನು ಅವರು ಹೇಳಿದ ಹಾಗೆ ಮಾಡಿದರೆ ಏನು ನಷ್ಟ?

ಅಲ್ಲಿಂದ ಮುಂದೆ ಅತ್ತೆಗೆ ಆ ಚಿಕ್ಕ ಕುದುರೆಯದೇ ಧ್ಯಾನ. ನಾನು ಉಳಿದ ಕುದುರೆಗಳನ್ನು ಬರೆಯುತ್ತಿದ್ದರೂ ಅವರ ಪ್ರಶ್ನೆಗಳು ಎಡತುದಿಗೇ ಹೋಗುತ್ತಿದ್ದವು. ಎಷ್ಟು ದೊಡ್ಡದಿತ್ತು? ಇಷ್ಟಿತ್ತು ಎಂದು ಕೈಯಲ್ಲಿ ತೋರಿಸಿದೆ. ಅವರು ತಮ್ಮ ಎಡತೋಳನ್ನು ಮಡಿಸಿ, "ಇಷ್ಟರೊಳಗೆ ಹಿಡೀತಿತ್ತಾ?" ಎಂದು ಕೇಳಿದರು. ಹಿಡಿಯುತ್ತಿತ್ತೇನೋ ಅಂದೆ. ಹಲ್ಲು? ಚಿಕ್ಕ ಹಲ್ಲು, ಈಗಿನ ಕುದುರೆಯ ಹಲ್ಲಿನ ಹಾಗೆ ಒರಟಾದದ್ದನ್ನು ಅರೆಯಲು ಬರುತ್ತಿರಲಿಲ್ಲ ಅಂದೆ. "ಹಂಗಾದ್ರೆ ಹುರುಳಿಗಿರುಳಿ ಆಗಾಕಿಲ್ಲ. ಮೆತ್ತಗಿರ್ಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಇನ್ನೊಂದು ಸಂಜೆ, "ದೊಡ್ಡ ಕುದುರೆ ಪಕ್ಕ ನಿಲ್ಸಿದ್ರೆ ಹೆದರ್ಕೊಂತಿತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ ಅತ್ತೆ. ದೊಡ್ಡ ಕುದುರೆ ಆಗ ಹುಟ್ಟೇ ಇರ್ಲಿಲ್ಲ."

"ಚಳೀಗೇನ್ ಮಾಡ್ತಿತ್ತು?"

"ಪುಸ್ತಕದಲ್ಲಿ ಬರೆದಿಲ್ಲ ಅತ್ತೆ. ನನಗೆ ಸಾಕಾಗಿದೆ, ಬಿಡಿ."

ಅವರು ಬಿಟ್ಟರು. ಶಾಲೆಯಲ್ಲಿ ಮಕ್ಕಳು ಕೇಳದ ಪ್ರಶ್ನೆಗಳನ್ನೆಲ್ಲ ಮನೆಯಲ್ಲಿ ಇವರು ಕೇಳುತ್ತಾರಲ್ಲ ಎಂದು ನಾನು ಒಳಗೊಳಗೇ ಗೊಣಗಿದೆ. ಮಗುವಿಗೆ ಒಂದು ಎಲೆ ಕೊಡದವರಿಗೆ ಸತ್ತ ಪ್ರಾಣಿಯ ಚಳಿಯ ಚಿಂತೆ.

ಇನ್‌ಸ್ಪೆಕ್ಟರು ಬಂದರು. ಹಾಜರಿ ನೋಡಿದರು, ಕಾಫಿ ಕುಡಿದರು, ಚಾರ್ಟಿನ ಮುಂದೆಯೇ ನಿಂತು ಸೋರುವ ಮಾಡಿನ ಬಗ್ಗೆ ಮಾತಾಡಿದರು, ಹೋದರು. ಒಮ್ಮೆಯೂ ತಲೆ ತಿರುಗಿಸಲಿಲ್ಲ. ಹೆಡ್‌ಮಾಸ್ಟರಿಗೆ ಮಾತ್ರ ಕೊನೆಯ ಕುದುರೆ ಬಿಳಿ ಇರಬೇಕಿತ್ತು, ಮುಂಗಾಲು ಎತ್ತಿರಬೇಕಿತ್ತು ಅನ್ನಿಸಿತು. ಗೋಡೆಗೆ ಗೆದ್ದಲು ಹತ್ತಿದ್ದರಿಂದ ಸ್ವಲ್ಪ ದಿನ ನಿಮ್ಮ ಮನೆಯಲ್ಲೇ ಇರಲಿ ಅಂದರು. ಸುತ್ತಿಕೊಂಡು ಮನೆಗೆ ತಂದೆ. ಅತ್ತೆ ಅದನ್ನು ನಡುಮನೆಯ ಮೊಳೆಗೆ ನೇತುಹಾಕಿಸಿದರು.

ಅಮಾವಾಸ್ಯೆಯ ದಿನ ಬೆಳಗಿನಿಂದ ಒಲೆಯ ಮುಂದೆ. ಲಗ್ಗೆರೆಯಿಂದ ಸೊಪ್ಪು ತರುವ ಹೆಂಗಸು ಬಂದಾಗ ಅತ್ತೆ ಒಂದು ಹಿಡಿ ಎಳೆಯ ಅಗಸೆ ಸೊಪ್ಪು ಕೇಳಿ ತೆಗೆದುಕೊಂಡರು. ಸಾರಿಗೂ ಅಲ್ಲ, ಪಲ್ಯಕ್ಕೂ ಅಲ್ಲ. ಏಕೆ ಎಂದು ಕೇಳಿದರೆ "ಇರ್ಲಿ" ಅಂದರು. ಸಂಜೆ ನಡುಮನೆ ಸಾರಿಸಿ, ಕಳಸ ಇಟ್ಟು, ಎಲೆ ಹಾಕಿದರು. ಮಾವನ ಅಪ್ಪ ಅಮ್ಮನಿಗೆ, ಮಾವನಿಗೆ, ಮಾವನ ಕುದುರೆಗೆ. ಆಮೇಲೆ ಒಂದು ಎಲೆಯ ಕುಡಿಯನ್ನು ಕತ್ತರಿಸಿ, ಅಂಗೈಯಗಲದ ಒಂದು ಚಿಕ್ಕ ಎಲೆಯನ್ನು ಮಾವನ ಎಲೆಗೆ ಅಂಟಿಕೊಂಡ ಹಾಗೆ ಇಟ್ಟರು. ಅದರ ಮೇಲೆ ಅಗಸೆಯ ಚಿಗುರು ಇಟ್ಟರು.

ನಾನು ಹತ್ತಿರ ಹೋಗಿ ಕೇಳಿದೆ. "ಇದು ಯಾರಿಗತ್ತೆ?"

ಅತ್ತೆ ಗೋಡೆಯ ಚಾರ್ಟಿನ ಕಡೆ ಗದ್ದ ಎತ್ತಿದರು. "ಅದಕ್ಕೆ. ನಿನ್ನ ಬೆರಳಿನ ಕುದುರೆಗೆ. ನಮ್ ಕುದುರೆಗೂ ಒಬ್ಬ ಹಿರೀಕ ಅವ್ನೆ ಅಂತ ಗೊತ್ತಾದ್ಮೇಲೆ ಹಸ್ಕೊಂಡಿರು ಅನ್ನಾಕಾಗ್ತದಾ?"

ವರ್ಷದಿಂದ ಎಲ್ಲಿ ಅಡಗಿತ್ತೋ, ಎಲ್ಲಾ ಒಂದೇ ಸಲ ಮೇಲೆ ಬಂತು. "ಐದು ಕೋಟಿ ವರ್ಷದ ಹಿಂದೆ ಸತ್ತದ್ದಕ್ಕೆ ಎಲೆ ಇದೆ! ಹೋದ ವರ್ಷ ನನ್ನ ತೊಡೆ ಮೇಲೆ ಸತ್ತವಳಿಗೆ ಇಲ್ಲ! ಅಲ್ವಾ ಅತ್ತೆ? ಯಾವ ನರಿಯೋ ನಾಯಿಯೋ, ಅದು ನಿಮಗೆ ಮನೆಯವರು! ಅವಳು ಯಾರೂ ಅಲ್ಲ!" ಎಂದು ಕಿರುಚಿದೆ. ಅತ್ತೆಯ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಗಂಡ ಬಾಗಿಲಲ್ಲಿ ನಿಂತಿದ್ದವರು ತಲೆ ತಗ್ಗಿಸಿದರು. ಸೈಕಲ್ಲು ಒರೆಸಲು ಹೋಗಲಿಲ್ಲ.

ಅತ್ತೆ ಮಸಿ ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನೀವಿಬ್ರೂ ಹೊರಗೆ ನಡೀರಿ. ನಾನು ಬಡ್ಸಿ, ಧೂಪ ಹಾಕಿ ಬತ್ತೀನಿ" ಅಂದರು ಅಷ್ಟೆ.

ಹೊರಗೆ ಜಗಲಿಯ ಮೇಲೆ ಕೂತೆವು. ಒಳಗಿನಿಂದ ಅತ್ತೆ ಒಬ್ಬೊಬ್ಬರನ್ನೇ ಕರೆಯುವುದು ಕೇಳಿಸುತ್ತಿತ್ತು. ಅವರ ಅತ್ತೆ ಮಾವನನ್ನು ಕರೆದರು. ಗಂಡನ ಹೆಸರು ಹೇಳುವಂತಿಲ್ಲ, "ಯಜಮಾನ್ರೇ" ಎಂದು ಕರೆದರು. ಕುದುರೆಯನ್ನು ಅದರ ಹೆಸರಿನಿಂದ ಕರೆದರು. ಆಮೇಲೆ ತೀರಾ ಮೆಲ್ಲಗೆ, "ಬಾ, ಚಿಕ್ಕ ಕುದುರೆ, ಬಾ. ತಾತನ ಪಕ್ಕದಲ್ಲೇ ಐತೆ ನೋಡು. ಹೆದರ್ಕೋಬ್ಯಾಡ" ಅಂದರು. ನಾನು ಕಿವಿ ಮುಚ್ಚಿಕೊಂಡೆ.

ಬಾಗಿಲು ಮುಂದೆ ಮಾಡಿ ಅವರೂ ಬಂದು ಕೂತರು. ಮೂವರೂ ಬೀದಿ ನೋಡುತ್ತಾ ಕೂತಿದ್ದೆವು. ಹಿರಿಯರು ಉಂಡಿರಬೇಕು ಅನ್ನುವಷ್ಟು ಹೊತ್ತಾದ ಮೇಲೆ ಅತ್ತೆ ಕೆಮ್ಮಿದರು, ಕೈತಟ್ಟಿದರು. ಒಳಗಿರುವವರಿಗೆ ನಾವು ಬರುತ್ತಿದ್ದೇವೆ ಎಂದು ತಿಳಿಯಲಿ ಅಂತ. ಆಮೇಲೆ ನನ್ನ ಕಡೆ ನೋಡದೆ, "ಆ ಚಿಕ್ಕೆಲೆ ನೀನೇ ಹೋಗಿ ತಗಿ" ಅಂದರು.

ಒಳಗೆ ಧೂಪದ ಹೊಗೆ ತುಂಬಿತ್ತು. ಬಗ್ಗಿ ನೋಡಿದೆ. ಅಗಸೆಯ ಚಿಗುರಿನ ಪಕ್ಕದಲ್ಲಿ ನುಣ್ಣಗೆ ಕಿವುಚಿದ ಅನ್ನ ಇತ್ತು, ಅದಕ್ಕೆ ತುಪ್ಪ ಮತ್ತು ಬೆಲ್ಲ ಕಲಸಿತ್ತು. ಮಗಳು ಬೇರೆ ಏನು ಕೊಟ್ಟರೂ ಉಗುಳಿ, ಇದೊಂದನ್ನು ಮಾತ್ರ ಬಾಯಿ ತೆರೆದು ತಿನ್ನುತ್ತಿದ್ದಳು, ಅದೂ ಅತ್ತೆಯ ಕೈಯಿಂದಲೇ. ಎಲೆಯ ಪಕ್ಕದಲ್ಲಿ ಹೊಸ ಬಟ್ಟೆ ಇಡುವ ಜಾಗದಲ್ಲಿ ಒಂದು ಕುಲಾವಿ ಇತ್ತು. ಹಳದಿ ಬಟ್ಟೆಯದು, ಕೈಹೊಲಿಗೆಯದು. ನಾನು ಶಾಲೆಗೆ ಹೋದ ಮೇಲೆ ಹೊಲಿದದ್ದಿರಬೇಕು. ಎತ್ತಿ ಅದರೊಳಗೆ ಮುಷ್ಟಿ ಇಟ್ಟೆ. ನನ್ನ ಮಗಳ ತಲೆಯ ಅಳತೆ ನನ್ನ ಕೈಗೆ ಗೊತ್ತಿತ್ತು. ಕುಲಾವಿ ಅದಕ್ಕಿಂತ ಒಂದು ಸುತ್ತು ದೊಡ್ಡದಿತ್ತು. ಹೋಗಿ ವರ್ಷವಾಗಿತ್ತಲ್ಲ, ಅಷ್ಟು ಬೆಳೆದಿರುತ್ತಾಳೆ ಎಂದು ಲೆಕ್ಕ ಹಾಕಿ ಹೊಲಿದಿದ್ದರು.

ಅವರು ಸಂಜೆ ಸಂಜೆ ಕೂತು ವಿಚಾರಿಸಿದ್ದು ಕುದುರೆಯನ್ನಲ್ಲ. ಹಲ್ಲು, ತೋಳಿನ ಅಳತೆ, ಹೆದರಿಕೆ, ಚಳಿ, ಎಲ್ಲವೂ ಅವಳದೇ. ಹೆಸರು ಹಿಡಿದು ಕರೆದರೆ ಅವಳು ಹಿರಿಯರ ಪಂಕ್ತಿಯಲ್ಲಿ ಕೂತುಬಿಡುತ್ತಾಳೆ, ಕರೆಯದಿದ್ದರೆ ಹಸಿದುಕೊಂಡಿರುತ್ತಾಳೆ. ಈ ಇಕ್ಕಟ್ಟಿಗೆ ನನ್ನ ಚಾರ್ಟಿನಲ್ಲಿ ಅವರಿಗೆ ಒಂದು ದಾರಿ ಸಿಕ್ಕಿತ್ತು.

ಕುಲಾವಿ ಹಿಡಿದುಕೊಂಡು ಹೊರಗೆ ಬಂದೆ. ಅತ್ತೆ ಜಗಲಿಯ ಮೇಲೆ ಹಾಗೇ ಕೂತಿದ್ದರು. ಏನೋ ಕೇಳಬೇಕು ಅಂದುಕೊಂಡೆ, ಬಾಯಿಗೆ ಬಂದದ್ದು ಇಷ್ಟೇ:

"ಕುದುರೆಗೆ ಕುಲಾವಿ ಯಾಕತ್ತೆ?"

"ಯಾಕೆ," ಅತ್ತೆ ಬೀದಿಯ ಕಡೆಯೇ ನೋಡುತ್ತಾ ಅಂದರು, "ಕುದುರೆಗೆ ಚಳಿ ಆಗಾಕಿಲ್ವಾ?"

ಅವರ ಪಕ್ಕದಲ್ಲಿ ಕೂತೆ. ಅವರ ಭುಜಕ್ಕೆ ತಲೆ ಆನಿಸಿ ಅತ್ತುಬಿಟ್ಟೆ. ಎಷ್ಟೋ ತಿಂಗಳಿನಿಂದ ಬತ್ತಿಹೋಗಿದ್ದ ಅಳು. ಅವರೂ ಅತ್ತರು. ಗಂಡ ಒಳಗೆ ಹೋಗಿ ಆ ಚಿಕ್ಕ ಎಲೆಯ ಅನ್ನವನ್ನು ತಂದು ತಾವೇ ಮಾಡಿನ ಹಂಚಿನ ಮೇಲೆ ಕಾಗೆಗೆ ಇಟ್ಟರು.

ಚಾರ್ಟನ್ನು ಶಾಲೆಯವರು ಮತ್ತೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಆಮೇಲೆ ನನಗೆ ಇಬ್ಬರು ಮಕ್ಕಳು ಹುಟ್ಟಿದರು, ಇಬ್ಬರೂ ಗಂಡು. ಎರಡು ಸಲವೂ ಅತ್ತೆ ಮಗುವನ್ನು ತೋಳಿನಲ್ಲಿ ಎತ್ತಿಕೊಂಡು ಮುಖವನ್ನು ಬಹಳ ಹೊತ್ತು ನೋಡಿದರು. "ಇದು ಬ್ಯಾರೆ. ಇರ್ಲಿ, ಚೆನ್ನಾಗವ್ನೆ" ಅಂದರು. ಇಬ್ಬರ ತಲೆಗೂ ಆ ಹಳದಿ ಕುಲಾವಿ ಹಾಕಿದೆವು. ಚಿಕ್ಕ ಎಲೆ ವರ್ಷ ವರ್ಷವೂ ಕುದುರೆಯ ಹೆಸರಿನಲ್ಲೇ ನಡೆದುಕೊಂಡು ಬಂತು. ನಮ್ಮ ಮನೆಯಲ್ಲಿ ಕುದುರೆಗೆ ತುಪ್ಪದನ್ನ ಯಾಕೆ ಇಡುತ್ತಾರೆ ಎಂದು ಹುಡುಗರು ಕೇಳಿದರೆ, ಅದಕ್ಕೆ ಹಲ್ಲು ಚಿಕ್ಕದು ಎಂದು ಅತ್ತೆ ಹೇಳುತ್ತಿದ್ದರು.

ಅತ್ತೆ ಹೋದಾಗ ನನ್ನ ತಲೆ ನರೆತಿತ್ತು. ಅವರಿಗೆ ವರ್ಷ ತುಂಬಿದ ಮೇಲಿನ ಅಮಾವಾಸ್ಯೆಗೆ ಮೊದಲ ಸಲ ನಾನೇ ಎಲೆ ಹಾಕಿದೆ. ಮಾವನ ಪಕ್ಕ ಅತ್ತೆಗೆ, ಅತ್ತೆಯ ಪಕ್ಕ ಅವರ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಆ ಚಿಕ್ಕ ಎಲೆ. ಇನ್ನು ನನ್ನ ಮಡಿಲಿಗೆ ಯಾರೂ ಬರುವುದಿರಲಿಲ್ಲ. ಕಾಯಿಸುವುದು ಸಾಕು ಅನ್ನಿಸಿತು, ಅವಳನ್ನೂ, ನನ್ನನ್ನೂ. ಎಲ್ಲರನ್ನೂ ಹೊರಗೆ ಕಳಿಸಿ, ಧೂಪ ಹಾಕಿ, ಒಬ್ಬೊಬ್ಬರನ್ನೇ ಕರೆದೆ. ಚಿಕ್ಕ ಎಲೆಯ ಹತ್ತಿರ ಬಂದಾಗ ಕುದುರೆ ಎಂದು ಕರೆಯಲಿಲ್ಲ. ನನ್ನ ಮಗಳ ಹೆಸರು ಹಿಡಿದು ಕರೆದೆ. ಬಾ, ಅಜ್ಜಿಯ ಪಕ್ಕ ಕೂತು ಉಣ್ಣು ಅಂದೆ.